ಆಯುಧಪೂಜೆಯ ದಿನ ಕಾದ ಹಾಲು

ಆಯುಧಪೂಜೆಯ ದಿನ ಕೆ.ಜಿ.ಎಫ್‌ನ ನಂದಿದುರ್ಗ ಗಣಿಯ ಲೈನು ಮನೆಗಳಲ್ಲಿ ದುಡಿಯುವ ವಸ್ತು ಯಾವುದೂ ಪೂಜೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಸುತ್ತಿಗೆ, ಸ್ಪ್ಯಾನರು, ಹೊಲಿಗೆ ಮಿಷನ್ನು, ದೋಸೆ ಹಿಟ್ಟು ರುಬ್ಬುವ ಗ್ರೈಂಡರು, ಆಟೋ, ಸ್ಕೂಟರು, ಎಲ್ಲವೂ ಹೊತ್ತೇರುವುದರೊಳಗೆ ಮೈ ತೊಳೆಸಿಕೊಂಡು, ಗಂಧ ಕುಂಕುಮ ಹಚ್ಚಿಸಿಕೊಂಡು, ಬಾಗಿಲ ಮುಂದೆ ಸಾಲಾಗಿ ಕೂತಿರಬೇಕು. ಕೆಟ್ಟು ಮೂಲೆ ಸೇರಿದ ಟೇಬಲ್ ಫ್ಯಾನಿಗೂ ಒಂದು ಬೊಟ್ಟು ಸಿಗುತ್ತದೆ. ಒಂದು ಕಾಲದಲ್ಲಿ ಅದೂ ಗಾಳಿ ಬೀಸಿದ್ದೇ ಅಲ್ಲವೇ! ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷಗಳಾದವು. ಗಣಿಯವರ ಈ ಪೂಜೆ ಮಾತ್ರ ಒಂದು ವರ್ಷವೂ ನಿಂತಿಲ್ಲ.

ಈ ವಿಷಯದಲ್ಲಿ ಆರುಮುಗಂ ಅವರಷ್ಟು ಕಟ್ಟುನಿಟ್ಟಿನವರು ಇಡೀ ಲೈನಿನಲ್ಲಿ ಇನ್ನೊಬ್ಬರಿಲ್ಲ. ಗಣಿಯ ಆಳಕ್ಕೆ ಜನರನ್ನು ಇಳಿಸಿ ಮೇಲೆತ್ತುವ ದೊಡ್ಡ ಯಂತ್ರವನ್ನು ನಡೆಸಿದ ಕೈ ಅವರದು. ಆ ಯಂತ್ರಕ್ಕೆ ಮಾಡುತ್ತಿದ್ದ ಪೂಜೆಯನ್ನೇ ಈಗ ಮಗಳು ವನಿತಾಳ ಸಾಮಾನಿಗೆ ಮಾಡುತ್ತಾರೆ. ಅವತ್ತೂ ಅಷ್ಟೆ, ಅವಳ ಚೀಲವನ್ನು ಬಾಳೆಲೆಯ ಮೇಲೆ ಸುರಿದು, ಸ್ಕ್ರೂಡ್ರೈವರು, ಇಕ್ಕಳ, ವೈರು ಬೆಸೆಯುವ ಸೋಲ್ಡರಿಂಗ್ ಕಡ್ಡಿ, ಒಂದೊಂದನ್ನೂ ಒರೆಸಿ ಗಂಧ ಇಟ್ಟರು. ಲ್ಯಾಪ್‌ಟಾಪಿನ ಬೆನ್ನಿಗೆ ವಿಭೂತಿಯ ಮೂರು ಪಟ್ಟೆ ಎಳೆದರು. ಕೊನೆಗೆ ಅವಳ ಫೋನು ಕೈಗೆ ಬಂದಾಗ ಮಾತ್ರ ಅದನ್ನು ಎಲೆಯ ಮೇಲಿಡದೆ ಮಗಳಿಗೇ ವಾಪಸ್ಸು ಕೊಟ್ಟರು.

"ಇದನ್ನ ನೀನೇ ಇಟ್ಕೋ ಕಣ್ಣು. ಇದು ಗಂಟೆ. ಗಂಟೆಗೆ ರಜೆ ಇಲ್ಲ."

ಇದು ವರ್ಷಕ್ಕೊಮ್ಮೆ ಬರುವ ಕತೆ. ವನಿತಾ ಅರ್ಧ ಕಿವಿಯಲ್ಲಿ ಕೇಳುತ್ತಾಳೆ. ಗಣಿಯ ಕೆಳಗಿನಿಂದ ಮೇಲಕ್ಕೆ ಒಂದು ಗಂಟೆಯ ತಂತಿ ಇರುತ್ತಿತ್ತಂತೆ. ಕೆಳಗಿದ್ದವರು ಎಳೆದರೆ ಮೇಲೆ ಆರುಮುಗಂ ಅವರ ಕಿವಿಯ ಪಕ್ಕದಲ್ಲಿ ಬಾರಿಸುತ್ತಿತ್ತಂತೆ. ಪೂಜೆಯ ದಿನ ಇಡೀ ಯಂತ್ರಕ್ಕೆ ಮದುಮಗನ ಅಲಂಕಾರ. ಆದರೆ ಗಂಟೆಯನ್ನಾಗಲಿ ತಂತಿಯನ್ನಾಗಲಿ ಯಾರೂ ಮುಟ್ಟುತ್ತಿರಲಿಲ್ಲ, ನೀರು ಸೋಕಿಸುತ್ತಿರಲಿಲ್ಲ. ಅದನ್ನು ನೇತುಹಾಕಿದ ಕಂಬಕ್ಕೆ ಒಂದು ಮೊಳ ಹೂವು, ಅಷ್ಟೆ. ಕೆಳಗಿನಿಂದ ಯಾರಾದರೂ ಕರೆದರೆ ಕೇಳಿಸಬೇಕಲ್ಲ!

"ಗೊತ್ತಪ್ಪಾ, ಗೊತ್ತು," ಎನ್ನುತ್ತಾ ವನಿತಾ ಫೋನನ್ನು ಕೈಗೆ ತೆಗೆದುಕೊಂಡಳು. ಗಂಟೆಗೆ ನಿಜಕ್ಕೂ ರಜೆ ಇರಲಿಲ್ಲ. ಅದು ಅವಳ ಅಂಗೈಯಲ್ಲೇ ಕೂಗಿಕೊಂಡಿತು.

ಪರದೆಯ ಮೇಲೆ ಕೆಂಪು ಚುಕ್ಕೆ. ಮಲ್ಲೆಗುಂಟೆ ಡೇರಿ, ಹಾಲಿನ ಬಿಸಿ ಅರವತ್ತೊಂದು ಡಿಗ್ರಿ.

ನಾಲ್ಕು ಡಿಗ್ರಿಯಲ್ಲಿ ತಣ್ಣಗಿರಬೇಕಾದ ಹಾಲು ಅರವತ್ತೊಂದಕ್ಕೆ ಹೋಗಬೇಕಾದರೆ ಟ್ಯಾಂಕಿನ ಕೆಳಗೆ ಯಾರಾದರೂ ಸೌದೆ ಒಟ್ಟಿ ಬೆಂಕಿ ಹಾಕಿರಬೇಕು.

ವನಿತಾ ಕೆಲಸ ಮಾಡುವುದು ಬಂಗಾರಪೇಟೆಯ ಒಂದು ಸಣ್ಣ ಕಂಪನಿಯಲ್ಲಿ. ಕೆಳಗೆ ಪಾನಿಪುರಿ ಅಂಗಡಿ, ಮೇಲೆ ಇವರ ಆಫೀಸು. ಊರೂರಿಗೆ ಹೋಗಿ ಸೆನ್ಸರ್ ಕೂರಿಸುವುದು, ಅವು ಕಳಿಸುವ ಸುದ್ದಿಯನ್ನು ಕಾಯುವುದು ಅವಳ ಕೆಲಸ. ಬೇತಮಂಗಲದ ನೀರು ಬಡಾವಣೆಯ ಟ್ಯಾಂಕಿಗೆ ಎಷ್ಟು ಏರಿದೆ, ಕಾರ್ಖಾನೆಯ ಯಾವ ಮೋಟಾರು ಎಂದಿಗಿಂತ ಜಾಸ್ತಿ ಅದುರುತ್ತಿದೆ, ರೇಷ್ಮೆ ಹುಳುಗಳ ಮನೆಯಲ್ಲಿ ಸೆಕೆ ಎಷ್ಟು, ಎಲ್ಲವೂ ಅವಳ ಫೋನಿಗೆ ಬಂದು ಬೀಳುತ್ತವೆ. ಆದರೆ ಅವಳ ಜೀವವೆಲ್ಲ ಇದ್ದದ್ದು ಹದಿನಾಲ್ಕು ಹಳ್ಳಿಗಳ ಹಾಲಿನ ಡೇರಿಗಳಲ್ಲಿ. ಆ ಹದಿನಾಲ್ಕನ್ನೂ ಅವಳೇ ಓಡಾಡಿ, ಅವಳೇ ವೈರೆಳೆದು, ಅವಳೇ ಹೆಂಗಸರಿಗೆ ತಿಳಿಹೇಳಿ ನಿಲ್ಲಿಸಿದ್ದಳು. ಗೋಡೆಯ ಮೇಲೊಂದು ಬಿಳಿ ಡಬ್ಬಿ, ಅದರಿಂದ ಇಳಿದ ವೈರು, ವೈರಿನ ತುದಿಗೆ ಪೆನ್ಸಿಲಿನಷ್ಟು ಉದ್ದದ ಸ್ಟೀಲು ಕಡ್ಡಿ. ಹಾಲಿನ ಟ್ಯಾಂಕಿಗೆ ಬೆಸೆದ ಒಂದು ಸಣ್ಣ ಕೊಳವೆಯೊಳಗೆ ಆ ಕಡ್ಡಿ ಕೂತಿರುತ್ತದೆ. ಹಾಲು ಸೋಕದೆಯೇ ಹಾಲಿನ ತಂಪು ಅದಕ್ಕೆ ಗೊತ್ತಾಗುತ್ತದೆ.

ಮಲ್ಲೆಗುಂಟೆಯ ಹೆಂಗಸರು ಈ ಕಡ್ಡಿಗೆ ಸೆನ್ಸರಮ್ಮ ಎಂದು ಹೆಸರಿಟ್ಟಿದ್ದರು. ಅದಕ್ಕೆ ಕಾರಣವೂ ಇತ್ತು. ಹೋದ ಬೇಸಿಗೆಗೂ ಮುಂಚೆ ಒಮ್ಮೆ ಕರೆಂಟು ಹೋಗಿ, ಯಾರಿಗೂ ತಿಳಿಯದೆ, ಟ್ಯಾಂಕು ತುಂಬ ಹಾಲು ಒಡೆದು ಅಷ್ಟನ್ನೂ ತಿಪ್ಪೆಗೆ ಸುರಿದಿದ್ದರು. ಸುರಿಯುವಾಗ ಅತ್ತವರೂ ಉಂಟು. ಕಡ್ಡಿ ಬಂದಮೇಲೆ ಮತ್ತೊಮ್ಮೆ ಹಾಗೆಯೇ ಕರೆಂಟು ಹೋದಾಗ ಫೋನು ಕೂಗಿ ಎಬ್ಬಿಸಿತು, ಜನರೇಟರು ಹಾಕಿದರು, ಹಾಲು ಉಳಿಯಿತು. ಅಂದಿನಿಂದ ಅದು ಬರೀ ಕಡ್ಡಿಯಲ್ಲ, ಅಮ್ಮ.

ಆದರೆ ಬಂಗಾರಪೇಟೆಯ ಹಾಲು ಕೇಂದ್ರದ ಮ್ಯಾನೇಜರು ಶಶಿಧರ್ ಅವರಿಗೆ ಅದು ಅಮ್ಮನೂ ಅಲ್ಲ, ಅಕ್ಕನೂ ಅಲ್ಲ. ಧಾರವಾಡದ ಕಡೆಯ ಮನುಷ್ಯ, ಹೆಂಡತಿ ಶ್ವೇತಾಗೆ ಕೆ.ಜಿ.ಎಫ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಇತ್ತ ಬಂದವರು. ಒಮ್ಮೆ ಇಲಿ ವೈರು ಕಡಿದು, ಇನ್ನೊಮ್ಮೆ ಸ್ಕ್ರೂ ಸಡಿಲಾಗಿ ಸೆನ್ಸರು ಸುಮ್ಮಸುಮ್ಮನೆ ಕೂಗಿದ್ದಕ್ಕೆ ಅವರು ಹೋದ ತಿಂಗಳೇ ಖಡಾಖಂಡಿತವಾಗಿ ಹೇಳಿದ್ದರು. "ಇನ್ನೊಂದು ಸರ್ತಿ ಸುಳ್ಳು ಕೂಗಿದ್ರ, ಹದಿನಾಲ್ಕೂ ಕಿತ್ತು ಗೋಣಿಚೀಲದಾಗ ತುಂಬಿ ನಿಮ್ಮ ಆಫೀಸಿಗೆ ಕಳಿಸ್ತೀನ್ರಿ." ಹಾಗೆ ಕಿತ್ತರೆ ವನಿತಾಳ ಎರಡು ವರ್ಷದ ಓಡಾಟ ಗೋಣಿಚೀಲ ಸೇರಿದ ಹಾಗೆ. ಹಳ್ಳಿಯವರು ಮತ್ತೆ ಹಾಲು ಒಡೆದಮೇಲೆ ಎದ್ದು ನೋಡುವ ಕಾಲಕ್ಕೆ ಹೋದ ಹಾಗೆ.

ಅವಳು ಫೋನಿನಲ್ಲಿ ಗೆರೆ ನೋಡಿದಳು. ನಾಲ್ಕರಿಂದ ಚಂಗನೆ ಅರವತ್ತೊಂದಕ್ಕೆ ಹಾರಿ, ಸ್ವಲ್ಪ ಹೊತ್ತು ಅಲ್ಲೇ ಕೂತು, ಮತ್ತೆ ನಾಲ್ಕಕ್ಕೆ ಇಳಿದಿತ್ತು. ಹಾಲು ಹೀಗೆ ಕುಣಿಯುವುದಿಲ್ಲ. ಎಲ್ಲೋ ವೈರು ಸಡಿಲಾಗಿದೆ. ಟ್ಯಾಂಕರು ಬರುವುದರೊಳಗೆ ಹೋಗಿ ಬಿಗಿ ಮಾಡಬೇಕು. ಕೆಂಪು ಬಿದ್ದ ಡೇರಿಯ ಹಾಲನ್ನು ಮ್ಯಾನೇಜರು ನೋಡಿ ಹಸಿರು ಮಾಡುವ ತನಕ ಟ್ಯಾಂಕರಿನವರು ಎತ್ತುವ ಹಾಗಿಲ್ಲ.

"ಅಪ್ಪಾ, ಚೀಲ ಕೊಡಿ. ಅರ್ಜೆಂಟು."

ಆರುಮುಗಂ ಎರಡೂ ಕೈ ಚಾಚಿ ಬಾಳೆಲೆಗೆ ಅಡ್ಡ ನಿಂತರು. "ಪೂಜೆಗೆ ಕೂತ ಆಯುಧ ಎತ್ತಬಾರದು. ನಾಳೆ ಮಂಗಳಾರತಿ ಆದ್ಮೇಲೆ."

"ಒಂದೇ ಒಂದು ಸ್ಕ್ರೂಡ್ರೈವರ್ ಅಪ್ಪಾ!"

"ಅದಕ್ಕೂ ವರ್ಷಕ್ಕೊಂದು ದಿನ ಮಲಗೋಕೆ ಬಿಡು ತಾಯಿ."

ಗಣಿಯ ಕಾಲದಲ್ಲಿ ದೊಡ್ಡ ದೊಡ್ಡ ಸಾಹೇಬರಿಗೂ ಬಗ್ಗದ ಮನುಷ್ಯ ಮಗಳಿಗೆ ಬಗ್ಗುತ್ತಾರೆಯೇ! ವನಿತಾ ಬರಿಗೈಯಲ್ಲೇ ಸ್ಕೂಟರು ಹತ್ತಿದಳು. ಅಷ್ಟಕ್ಕೂ ಬಿಡದೆ ಅವರು ಹಿಂದಿನಿಂದ ಓಡಿಬಂದು ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟರು. ಹಣ್ಣು ಪಚಕ್ಕೆಂದಿತು, ಸ್ಕೂಟರು ಹೊರಟಿತು.

ಬೇತಮಂಗಲದ ರಸ್ತೆಯಲ್ಲಿ ಅವತ್ತು ಓಡುತ್ತಿದ್ದ ಗಾಡಿಗಳೆಲ್ಲ ಹೂವಿನ ಗಾಡಿಗಳೇ. ಬಸ್ಸಿನ ಮೂತಿಗೆ ಬಾಳೆಕಂದು, ಟ್ರ್ಯಾಕ್ಟರಿನ ಕಣ್ಣಿಗೆ ಕುಂಕುಮ. ವನಿತಾಳ ಸ್ಕೂಟರಿನ ಚೆಂಡುಹೂವಿನ ಹಾರ ದಾರಿಯುದ್ದಕ್ಕೂ ಅವಳ ಮೊಣಕಾಲಿಗೆ ಬಡಿಯುತ್ತಾ, ಕೋಪ ಬರಿಸುತ್ತಾ ಬಂತು. ಬೇರೆ ದಿನವಾಗಿದ್ದರೆ ಅವಳೂ ಹಾಡು ಗುನುಗುತ್ತಾ ಹೋಗುತ್ತಿದ್ದಳು.

ಮಲ್ಲೆಗುಂಟೆಯ ಡೇರಿಗೆ ಸುಣ್ಣ ಬಳಿದು, ಬಾಗಿಲಿಗೆ ಮಾವಿನ ಎಲೆ ಕಟ್ಟಿದ್ದರು. ಒಳಗೆ ಟ್ಯಾಂಕಿಗೆ ಆಳೆತ್ತರದ ಹಾರ. ತೂಕದ ಮಿಷನ್ನು, ಕೊಬ್ಬು ನೋಡುವ ಮಿಷನ್ನು, ಕ್ಯಾನುಗಳು, ಯಾವುದನ್ನು ನೋಡಿದರೂ ಹಣೆ ತುಂಬ ಅರಿಸಿನ ಕುಂಕುಮ. ಹೊಸ ಸೀರೆಯುಟ್ಟ ಹೆಂಗಸರು ಕಡಲೆಪುರಿಯ ಚರಪು ಹಂಚುತ್ತಿದ್ದರು. ನಡುವೆ ಡೇರಿಯ ಕಾರ್ಯದರ್ಶಿ ಆದಿಲಕ್ಷ್ಮಿ. ಐವತ್ತರ ಹೆಂಗಸು, ಮೈಕು ಬೇಡದ ಗಂಟಲು, ತಲೆ ತುಂಬ ಕನಕಾಂಬರ. ಹದಿನಾಲ್ಕು ಹಳ್ಳಿಗಳಲ್ಲಿ ಮೊಟ್ಟಮೊದಲು ಸೆನ್ಸರಿಗೆ ಒಪ್ಪಿದ್ದು ಇದೇ ಆದಿಲಕ್ಷ್ಮಿ. ಬೇರೆಯವರು ಅನುಮಾನ ಪಟ್ಟಾಗ "ಆ ಉಡುಗಿ ನಮ್ಮೋಳು, ಆಕ್ಲಿ ಬಿಡ್ರೇ" ಎಂದು ದಬಾಯಿಸಿದ್ದೂ ಇವಳೇ.

"ಬಾಮ್ಮ ವನಿತಮ್ಮ! ಅಬ್ಬದ ದಿನ ಸರಿಯಾಗಿ ಬಂದೆ. ತಕೋ, ಕಡ್ಲೆಪುರಿ."

"ಅಕ್ಕಾ, ಕಡಲೆಪುರಿ ಆಮೇಲೆ. ಸೆನ್ಸರ್ ಕೂಗಿದೆ. ಯಾರಾದರೂ ಅದನ್ನ ಮುಟ್ಟಿದ್ರಾ?"

"ಯಾರೂ ಮುಟ್ಟಿಲ್ಲ ಕಣಮ್ಮ, ದೇವ್ರಾಣೆ. ಬೆಳಗ್ಗಿಂದ ನಾನಿಲ್ಲೇ ಇದೀನಿ. ಪೂಜೆ ಮಾಡಿದ್ವಿ, ಅಷ್ಟೇ."

ವನಿತಾ ಟ್ಯಾಂಕಿನ ಮುಚ್ಚಳ ತೆಗೆಸಿ ನೋಡಿದಳು. ಹಾಲು ತಣ್ಣಗೆ, ಬೆಳ್ಳಗೆ, ಏನೂ ಅರಿಯದ ಹಾಗೆ ಕೂತಿತ್ತು. ಇನ್ನು ಗೋಡೆಯ ಡಬ್ಬಿ ಬಿಚ್ಚಬೇಕು. ಸ್ಕ್ರೂಡ್ರೈವರು ಕೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ಊರಿನ ಸ್ಕ್ರೂಡ್ರೈವರುಗಳು ಪೂಜೆಗೆ ಕೂತಿದ್ದವು. ಎದುರಿನ ಸೈಕಲ್ ಅಂಗಡಿಯ ಮುನಿಸ್ವಾಮಪ್ಪ ಕೂತಲ್ಲಿಂದಲೇ "ನಾಳೆ ಬಾಮ್ಮ, ಎಷ್ಟು ಬೇಕಾದ್ರೂ ಕೊಡ್ತೀನಿ" ಎಂದು ಕೈ ಮುಗಿದ. ಕೊನೆಗೆ ಆದಿಲಕ್ಷ್ಮಿಯೇ ಆರತಿ ತಟ್ಟೆಯಿಂದ ಒಂದು ರೂಪಾಯಿಯ ನಾಣ್ಯ ಎತ್ತಿಕೊಟ್ಟಳು.

"ಕಾಸು ಆಯುಧ ಅಲ್ಲ. ಇದ್ರಾಗೆ ತಿರುಗ್ಸು."

ನಾಣ್ಯದಲ್ಲಿ ಸ್ಕ್ರೂ ತಿರುಗಿಸಿ ಡಬ್ಬಿ ಬಿಚ್ಚಿದ್ದಾಯಿತು. ಒಳಗೆ ಒಂದೊಂದು ವೈರೂ ಬಿಗಿಯಾಗಿತ್ತು. ಇಲಿಯ ಹಲ್ಲಿಲ್ಲ, ಇರುವೆಯ ಗೂಡಿಲ್ಲ, ಹಲ್ಲಿಯ ಬಾಲವೂ ಇಲ್ಲ. ವನಿತಾ ತಲೆ ಕೆರೆದುಕೊಳ್ಳುತ್ತಿದ್ದಾಗ ಫೋನು ಮತ್ತೆ ಕೂಗಿತು. ಪಕ್ಕದ ಹಳ್ಳಿಯ ಡೇರಿ, ಐವತ್ತೆಂಟು ಡಿಗ್ರಿ. ಅದನ್ನು ನೋಡಿ ಮುಗಿಸುವುದರೊಳಗೆ ಅದರಾಚೆಯ ಹಳ್ಳಿ, ಅರವತ್ತಮೂರು.

ಈಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಒಂದು ಕಡೆ ಕೆಟ್ಟರೆ ವೈರು. ಸಾಲಾಗಿ ಕೆಟ್ಟರೆ ಕಡ್ಡಿಗಳೇ ಕೆಟ್ಟವು, ತಂದ ಮಾಲೇ ಕೆಟ್ಟದ್ದು. ಹಾಗಾದರೆ ಶಶಿಧರ್ ಹೇಳಿದ್ದೇ ಸರಿ. ಗೋಣಿಚೀಲವೇ ಗತಿ.

ಶಶಿಧರ್ ಅವರ ಫೋನೂ ಆಗಲೇ ಬಂತು. "ಏನ್ರಿ ವನಿತಾ, ಊರೂರಿಗೆ ಸೆನ್ಸರ್ ಹಾಕೀರೋ, ಒಲಿ ಹಚ್ಚೀರೋ? ಒಂದಾದ ಮ್ಯಾಲೊಂದು ಹಾಲು ಕಾಯಾಕತ್ತೈತಿ! ಇವತ್ತ ಫ್ಯಾಕ್ಟರಿ ಒಳಗ ಮನಿಮಂದಿನೆಲ್ಲಾ ಬಿಡ್ತಾರ, ನಮ್ಮಾಕಿ ತನ್ನ ಮಿಷನ್ ತೋರಸ್ತೀನಿ ಅಂದಿದ್ಲು. ಅದನ್ನ ಬಿಟ್ಟು ಟ್ಯಾಂಕರ್ ಹತ್ತೇನಿ. ಅಲ್ಲೇ ಇರ್ರಿ, ಬಂದೆ."

ವನಿತಾ ಫೋನು ಇಟ್ಟು, ಬೇರೇನೂ ತೋಚದೆ, ಟ್ಯಾಂಕಿನ ಕೊಳವೆಯಿಂದ ಕಡ್ಡಿಯನ್ನು ಎಳೆದಳು. ಅದು ಅವಳ ಬೆರಳುಗಳ ನಡುವಿನಿಂದ ಸರಕ್ಕನೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಮೂಗಿನ ಹತ್ತಿರ ತಂದು ಮೂಸಿದಳು. ಹರಳೆಣ್ಣೆ. ಅದರ ಮೇಲೆ ಸೀಗೆಕಾಯಿ. ತುದಿಯಲ್ಲಿ ಪುಟ್ಟದೊಂದು ಕುಂಕುಮದ ಬೊಟ್ಟು.

"ಅಕ್ಕಾ," ಎಂದಳು ನಿಧಾನವಾಗಿ, "ಇದನ್ನ ಯಾರೂ ಮುಟ್ಟಿಲ್ಲ ಅಂದ್ರಲ್ಲ?"

"ಅದಾ?" ಆದಿಲಕ್ಷ್ಮಿಯ ಮುಖದಲ್ಲಿ ಕಪಟದ ಸುಳಿವೇ ಇಲ್ಲ. "ಅದು ಮುಟ್ಟಿದ್ದಲ್ಲ ಕಣಮ್ಮ. ಎಣ್ಣೆಸ್ನಾನ."

"ಎಣ್ಣೆಸ್ನಾನ!"

"ಊ ಮತ್ತೆ. ಕ್ಯಾನಿಗೆಲ್ಲ ಸ್ನಾನ ಆಯ್ತು, ತಕ್ಡಿಗಾಯ್ತು. ನಮ್ಮನ್ನ ಕಾಯೋ ಸೆನ್ಸರಮ್ಮನ್ನ ಅಂಗೇ ಬಿಟ್ರೆ ಅವ್ಳಿಗೆ ಬೇಜಾರಾಗಲ್ವಾ? ಎಣ್ಣೆ ಅಚ್ಚಿ, ಅಂಡೆಯಿಂದ ಬಿಸಿನೀರು ತಂದು, ಚೆನ್ನಾಗಿ ನೆನ್ಸಿ, ಸೀಗೆಕಾಯಲ್ಲಿ ಉಜ್ಜಿ, ಒರ್ಸಿ, ಬೊಟ್ಟಿಟ್ಟು ಎಂಗಿತ್ತೋ ಅಂಗೇ ಮಲಗ್ಸಿದ್ವಿ. ನೀನೇ ಏಳಿದ್ದಲ್ವಾ, ಮೆತ್ತಗೆ ಎಳೀರಿ, ಮನೆ ಮಗು ತರ ನೋಡ್ಕಳಿ ಅಂತ!"

ಹೌದು, ಅವಳೇ ಹೇಳಿದ್ದಳು. ಹದಿನಾಲ್ಕು ಹಳ್ಳಿಗಳಲ್ಲೂ ಅದೇ ಮಾತನ್ನು ಹೇಳಿದ್ದಳು. ಮಗುವಿಗೆ ಹಬ್ಬದ ದಿನ ಎಣ್ಣೆಸ್ನಾನ ಮಾಡಿಸದ ತಾಯಿ ಈ ಸೀಮೆಯಲ್ಲಿ ಎಲ್ಲಿದ್ದಾಳೆ! ವನಿತಾಳಿಗೆ ನಗು ಉಕ್ಕಿತು, ಅದರ ಹಿಂದೆಯೇ ಇನ್ನೊಂದು ಅನುಮಾನವೂ ಬಂತು.

"ಬೇರೆ ಊರಿನವರೂ ಮಾಡ್ತಿದಾರೆ. ಅವರಿಗೆ ಹೇಗೆ ಗೊತ್ತಾಯ್ತು?"

ಆದಿಲಕ್ಷ್ಮಿ ಹೆಮ್ಮೆಯಿಂದ ತನ್ನ ಫೋನು ತೆಗೆದು ತೋರಿಸಿದಳು. ಹದಿನಾಲ್ಕು ಡೇರಿಗಳ ಕಾರ್ಯದರ್ಶಿಗಳ ಗುಂಪಿಗೆ ಅವಳು ಬೆಳಿಗ್ಗೆಯೇ ವಿಡಿಯೋ ಹಾಕಿದ್ದಳು. ಹೊಗೆಯಾಡುವ ಬಿಸಿನೀರಿನ ಚೊಂಬಿನಲ್ಲಿ ಸೆನ್ಸರಮ್ಮ, ಸುತ್ತ ಹಾಡು ಹೇಳುವ ಹೆಂಗಸರು. ಕೆಳಗೆ ಬರೆದದ್ದು, "ನಮ್ಮ ಅಮ್ಮನಿಗೆ ಸ್ನಾನ ಆಯಿತು, ನಿಮ್ಮ ಕಡೆ ಹೇಗೆ?" ಇಂಥ ಮಾತು ಕೇಳಿ ಯಾವ ಊರಿನ ಹೆಂಗಸು ಸುಮ್ಮನೆ ಕೂರುತ್ತಾಳೆ! ಒಂದು ಊರಿನವರು ಬಿಸಿಹಾಲಿನಲ್ಲಿ, ಇನ್ನೊಂದು ಊರಿನವರು ಪನ್ನೀರು ಬೆರೆಸಿದ ಬಿಸಿನೀರಿನಲ್ಲಿ, ಒಬ್ಬರಿಗಿಂತ ಒಬ್ಬರು ಜೋರಾಗಿ ಮೀಯಿಸುತ್ತಿದ್ದರು. ವನಿತಾ ಅವಸರದಿಂದ ಗುಂಪಿಗೆ ಧ್ವನಿ ಕಳಿಸಿದಳು. "ಅಕ್ಕಂದಿರೇ, ಕೈ ಮುಗೀತೀನಿ, ಸ್ನಾನ ಸಾಕು!" ಅಷ್ಟರಲ್ಲಿ ಇನ್ನೂ ಎರಡು ಕೆಂಪು ಚುಕ್ಕೆಗಳು ಬಿದ್ದಾಗಿತ್ತು.

ಆಗ ಹೊರಗೆ ಟ್ಯಾಂಕರಿನ ಹಾರನ್ ಕೇಳಿಸಿತು. ಆದಿಲಕ್ಷ್ಮಿಗೆ ತಾನು ಮಾಡಿದ್ದೇನು ಎಂದು ತಿಳಿದದ್ದು ಆ ಹಾರನ್ನಿಗೇ. ಮುಖದ ಬಣ್ಣ ಇಳಿಯಿತು. ವನಿತಾಳ ಕೈ ಹಿಡಿದು ಮೂಲೆಗೆ ಎಳೆದಳು.

"ನನ್ನಿಂದ ಇದೆಲ್ಲ ಆಯ್ತಾ? ಮ್ಯಾನೇಜರಿಗೆ ಏಳ್ಬೇಡಮ್ಮ. ನನ್ನ ಕುರ್ಚಿ ಮೇಲೆ ಕಣ್ಣಿಟ್ಟೋರು ಊರಾಗೆ ಬೇಜಾನ್ ಜನ ಅವ್ರೆ. ಮಿಷನ್ನು ಕೆಡಿಸ್ದೋಳು ಅಂತ ತೆಗೆದಾಕ್ತಾರೆ. ಕರೆಂಟು ಜಾಸ್ತಿ ಬಂತು ಅಂತ ಏಳು, ವೈರು ಅಂತ ಏಳು."

ವೈರು ಎಂದರೆ ಸೆನ್ಸರ್ ಸುಳ್ಳು ಕೂಗಿದ ಹಾಗೆ, ಹದಿನಾಲ್ಕೂ ಗೋಣಿಚೀಲಕ್ಕೆ. ಸ್ನಾನ ಎಂದರೆ ಆದಿಲಕ್ಷ್ಮಿಯ ಕುರ್ಚಿ ಹೋದ ಹಾಗೆ. ಅವಳನ್ನು ಮೊದಲ ದಿನ ನಂಬಿದ ಹೆಂಗಸು ಇವಳು. ಬಿಸಿಲಲ್ಲಿ ವೈರೆಳೆಯುವಾಗ ಮಜ್ಜಿಗೆ ತಂದುಕೊಟ್ಟವಳು, ಬೈದವರಿಗೆ ಅವಳ ಪರವಾಗಿ ವಾಪಸ್ಸು ಬೈದವಳು. ವನಿತಾಳಿಗೆ ಕಣ್ಣು ತುಂಬಿಬಂತು. ಆದರೂ ಮನಸ್ಸು ಗಟ್ಟಿ ಮಾಡಿಕೊಂಡು ಬಾಗಿಲ ಕಡೆ ನಡೆದಳು.

ಚಾಲಕ ಮುನೀಂದ್ರನ ಪಕ್ಕದಿಂದ ಶಶಿಧರ್ ಇಳಿದರು. ಹಬ್ಬದ ಬಿಳಿ ಅಂಗಿ, ಅದರ ಮೇಲೆ ಟ್ಯಾಂಕರಿನ ಹಾರದ ಚೆಂಡುಹೂವಿನ ಹಳದಿ.

"ಹೇಳ್ರಿ. ಏನಾಗೇತಿ?"

"ಸರ್," ಎಂದಳು ವನಿತಾ, "ತಪ್ಪು ನಮ್ಮದೇ. ವೈರು..."

"ಸುಮ್ನಿರಮ್ಮ ನೀನು!"

ಆ ಕೂಗಿಗೆ ಕ್ಯಾನಿನ ಮೇಲೆ ಕೂತಿದ್ದ ಕಾಗೆ ಹಾರಿತು. ಆದಿಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ತನ್ನನ್ನು ಉಳಿಸಲು ವನಿತಾ ಸ್ವಂತ ಅನ್ನಕ್ಕೇ ಕಲ್ಲು ಹಾಕಿಕೊಳ್ಳುವುದನ್ನು ಅವಳಿಗೆ ಸಹಿಸಲಾಗಲಿಲ್ಲ.

"ವೈರೂ ಇಲ್ಲ, ಮಣ್ಣೂ ಇಲ್ಲ ಸಾಮಿ. ನಾನು ಅದಕ್ಕೆ ಎಣ್ಣೆಸ್ನಾನ ಮಾಡಿಸ್ದೆ. ಏಯ್ ಕಲಾ, ಅಂಡೆಯಿಂದ ಒಂದು ಚೊಂಬು ಬಿಸಿನೀರು ತಕಂಬಾ!"

ಹಾಲು ಅಳೆಯುವ ಹುಡುಗಿ ಕಲಾ ಓಡಿಹೋಗಿ ಹೊಗೆಯಾಡುವ ಚೊಂಬು ತಂದಳು. ಶಶಿಧರ್ ಬಾಯಿ ತೆರೆಯುವುದರೊಳಗೆ ಆದಿಲಕ್ಷ್ಮಿ ಕಡ್ಡಿಯನ್ನು ಅದರಲ್ಲಿ ಅದ್ದಿದಳು. ಸ್ವಲ್ಪ ಹೊತ್ತಿನಲ್ಲೇ ಶಶಿಧರ್ ಅವರ ಜೇಬು ಬಡಬಡಿಸಿಕೊಂಡಿತು. ತೆಗೆದು ನೋಡಿದರು, ಮಲ್ಲೆಗುಂಟೆ, ಅರವತ್ತು ಡಿಗ್ರಿ. ಆದಿಲಕ್ಷ್ಮಿ ಕಡ್ಡಿಯನ್ನು ಸೆರಗಿನಲ್ಲಿ ಒರೆಸಿ ಟ್ಯಾಂಕಿನ ಕೊಳವೆಗೆ ಇಳಿಸಿದಳು. ಎಲ್ಲರೂ ಮ್ಯಾನೇಜರ ಫೋನಿನ ಮೇಲೆ ಬಗ್ಗಿದರು. ಐವತ್ತು, ಮೂವತ್ತು, ಹತ್ತು, ಕೊನೆಗೆ ನಾಲ್ಕು.

"ನೋಡಿದ್ರಾ? ಬಿಸೀಗಿಟ್ರೆ ಬಿಸಿ ಅಂತು, ತಣ್ಣಗಿಟ್ರೆ ತಣ್ಣಗೆ ಅಂತು. ಸುಳ್ಳು ಕೂಗಿದ್ದೆಲ್ಲಿ? ನಮ್ಮನೇಲಿ ಇಷ್ಟು ನಿಜ ಏಳೋರು ಒಬ್ರೂ ಇಲ್ಲ ಸಾಮಿ, ನಮ್ಮೆಜಮಾನ್ರೂ ಸೇರಿ. ತೆಗೆದಾಕೋದಾದ್ರೆ ನನ್ನ ತೆಗೆದಾಕಿ. ಈ ಉಡುಗೀದೂ ತಪ್ಪಿಲ್ಲ, ಆ ಕಡ್ಡೀದೂ ತಪ್ಪಿಲ್ಲ."

ಶಶಿಧರ್ ಕಡ್ಡಿಯನ್ನು ತಾವೇ ಎಳೆದು, ತಾವೇ ಚೊಂಬಿನಲ್ಲಿ ಅದ್ದಿ, ಫೋನು ಕೂಗುವುದನ್ನು ತಾವೇ ನೋಡಿ, ಮತ್ತೆ ಕೊಳವೆಯಲ್ಲಿಟ್ಟರು. ಕಲಾ ಲೋಟದಲ್ಲಿ ಹಾಲು ತಂದುಕೊಟ್ಟಳು. ಕುಡಿದರು, ಮೀಸೆ ಒರೆಸಿಕೊಂಡರು. ತುಟಿಯ ಮೂಲೆಯಲ್ಲಿ ಏನೋ ಅಲ್ಲಾಡುತ್ತಿತ್ತು, ಅದನ್ನು ಬಲವಂತವಾಗಿ ಹಿಡಿದುಕೊಂಡರು.

"ಹೌದವ್ವಾ, ಕಡ್ಡಿ ಖರೇನ ಹೇಳೇತಿ, ಒಪ್ಪೇನಿ. ಹಂಗಂತ ಮಿಷನ್ನಿಗೆ ಎಣ್ಣಿ ತಿಕ್ಕೂದೇನು? ಓದಿದವರು ಬಲ್ಲವರು ಯಾರರ ಇಂಥಾದ್ದು ಮಾಡ್ತಾರೇನು?"

ಮಾತು ಮುಗಿಯಿತೋ ಇಲ್ಲವೋ, ಅವರ ಫೋನು ಮತ್ತೆ ಕೂಗಿತು. ವನಿತಾಳದೂ ಕೂಗಿತು. ಇಬ್ಬರೂ ನೋಡಿದರು. ಈ ಸಲದ ಕೆಂಪು ಯಾವ ಹಳ್ಳಿಯದೂ ಅಲ್ಲ. ಬಂಗಾರಪೇಟೆಯ ಹಾಲು ಕೇಂದ್ರ, ಅಲ್ಲೂ ವನಿತಾ ಒಂದು ಕಡ್ಡಿ ಕೂರಿಸಿದ್ದ ದೊಡ್ಡ ಟ್ಯಾಂಕು, ಐವತ್ತೊಂಬತ್ತು ಡಿಗ್ರಿ.

ಶಶಿಧರ್ ತಮ್ಮ ಕೇಂದ್ರಕ್ಕೆ ಫೋನು ಹಚ್ಚಿದರು. ಅತ್ತ ಕಡೆ ಎತ್ತಿದ್ದು ಡಿಪ್ಲೊಮಾ ಮುಗಿಸಿದ ಅವರದೇ ಆಪರೇಟರು ಆದಿನಾರಾಯಣ. ಅವನ ದನಿ ಎಲ್ಲರಿಗೂ ಕೇಳಿಸುವಷ್ಟು ಸಂಭ್ರಮದಲ್ಲಿತ್ತು.

"ಸಾರ್, ಹಳ್ಳಿಯವರ ವಿಡಿಯೋ ನೋಡಿದ್ವಿ ಸಾರ್. ಅವರೇ ಅಷ್ಟು ಮಾಡುವಾಗ, ನಮ್ಮದು ದೊಡ್ಡ ಟ್ಯಾಂಕು, ನಾವು ಸುಮ್ಮನಿದ್ರೆ ಚೆನ್ನಾಗಿರಲ್ಲ ಅಂತ..."

ಶಶಿಧರ್ ಕಣ್ಣು ಮುಚ್ಚಿದರು. "ಸೀಗೆಕಾಯಿ ಹಾಕೀರೇನು?"

"ಹಾಕಿದ್ವಿ ಸಾರ್!"

ಮ್ಯಾನೇಜರು ಅಲ್ಲೇ ಇದ್ದ ಕ್ಯಾನಿನ ಮೇಲೆ ಕುಸಿದು ಕೂತರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಆಮೇಲೆ ಬಿದ್ದು ಬಿದ್ದು ನಕ್ಕರು. ಮುನೀಂದ್ರ ನಕ್ಕ, ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು, ಎದುರಿನ ಮುನಿಸ್ವಾಮಪ್ಪ ಏನೆಂದು ತಿಳಿಯದಿದ್ದರೂ ನಕ್ಕ. ಆದಿಲಕ್ಷ್ಮಿ ಮಾತ್ರ ನಗಬೇಕೋ ಬೇಡವೋ ಎಂದು ಮ್ಯಾನೇಜರ ಮುಖವನ್ನೇ ನೋಡುತ್ತಿದ್ದಳು.

"ನಗವ್ವಾ," ಎಂದರು ಶಶಿಧರ್ ಕಣ್ಣೊರೆಸಿಕೊಳ್ಳುತ್ತಾ. "ನಿನ್ನ ತೆಗೆದ್ರ ನಮ್ಮ ಆಪರೇಟರನ್ನೂ ತೆಗೀಬೇಕಾಕ್ಕೈತಿ, ಆಮ್ಯಾಲೆ ಬಂಗಾರಪೇಟೆಗೆ ಹಾಲು ಯಾರು ಕಳಸ್ತಾರ? ಯಾರನ್ನೂ ತೆಗೆಯೂದಿಲ್ಲ. ಯಾವ ಕಡ್ಡೀನೂ ಕೀಳೂದಿಲ್ಲ." ಫೋನಿನಲ್ಲಿ ಒಂದೊಂದೇ ಕೆಂಪನ್ನು ಒತ್ತಿ ಹಸಿರು ಮಾಡಿದರು. ಮುನೀಂದ್ರ ಪೈಪು ಜೋಡಿಸಿದ, ಮಲ್ಲೆಗುಂಟೆಯ ಹಾಲು ಟ್ಯಾಂಕರಿಗೆ ಏರತೊಡಗಿತು. ವನಿತಾಳಿಗೆ ಆ ಪಂಪಿನ ಸದ್ದು ನಾದಸ್ವರಕ್ಕಿಂತ ಇಂಪಾಗಿ ಕೇಳಿಸಿತು.

"ಆದ್ರ ಮುಂದಿನ ವರ್ಷ?" ಎಂದರು ಶಶಿಧರ್. "ಪೂಜಿ ಬ್ಯಾಡ ಅಂದ್ರ ಇವರು ಕೇಳೂ ಪೈಕಿ ಅಲ್ಲ."

ಪೂಜೆ ಬೇಡ ಎನ್ನಲು ವನಿತಾಳಿಗೂ ಬಾಯಿ ಬರಲಿಲ್ಲ. ಏನು ಹೇಳುವುದೆಂದು ಯೋಚಿಸುವಾಗ ಬೆಳಿಗ್ಗೆ ಅರ್ಧ ಕಿವಿಯಲ್ಲಿ ಕೇಳಿದ ಮಾತು ಪೂರ್ತಿಯಾಗಿ ನೆನಪಾಯಿತು. ಅವಳು ಆದಿಲಕ್ಷ್ಮಿಯ ಕಡೆ ತಿರುಗಿದಳು.

"ಅಕ್ಕಾ, ನಮ್ಮಪ್ಪ ಗಣೀಲಿ ಇದ್ದಾಗ ಅಲ್ಲೊಂದು ಗಂಟೆ ಇತ್ತಂತೆ. ಕೆಳಗಿದ್ದೋರು ಕರೆಯೋ ಗಂಟೆ. ಬೇರೆ ಎಲ್ಲದಕ್ಕೂ ಸ್ನಾನ, ಕುಂಕುಮ, ಎಲ್ಲಾ. ಗಂಟೇನ ಮಾತ್ರ ಪೂಜೆ ದಿನ ಮುಟ್ತಿರಲಿಲ್ಲ. ಅದರ ಕಂಬಕ್ಕೆ ಹೂವು ಮುಡಿಸ್ತಿದ್ರಂತೆ. ನಾವು ಹಬ್ಬದಲ್ಲಿರುವಾಗಲೂ ಅದು ಕಾಯ್ತಾ ಇರಬೇಕಲ್ಲ, ಅದಕ್ಕೆ. ಈ ಕಡ್ಡೀನೂ ಗಂಟೇನೇ ಅಕ್ಕಾ."

ಆದಿಲಕ್ಷ್ಮಿ ತನ್ನ ತಲೆಯಿಂದ ಒಂದು ತುಂಡು ಕನಕಾಂಬರ ಬಿಡಿಸಿ, ಕಡ್ಡಿಯ ಹತ್ತಿರವೂ ಹೋಗದೆ, ಗೋಡೆಯ ಡಬ್ಬಿಯ ಮೊಳೆಗೆ ನೇತುಹಾಕಿದಳು. "ಮೊದ್ಲೇ ಏಳಿದ್ರೆ ಆಗ್ತಿರ್ಲಿಲ್ವಾ? ನಾವೇನು ಅರೀದೋರಾ?" ಎಂದು ವನಿತಾಳನ್ನು ಗದರಿ, ಅದರ ಫೋಟೋ ತೆಗೆದು ಗುಂಪಿಗೆ ಹಾಕಿದಳು.

ಸಂಜೆ ಮನೆಗೆ ಬಂದಾಗ ಆರುಮುಗಂ ಬಾಗಿಲಲ್ಲೇ ಕೂತಿದ್ದರು. ಬಾಳೆಲೆಯ ಮೇಲೆ ಸ್ಕ್ರೂಡ್ರೈವರು ಇನ್ನೂ ಮಲಗಿತ್ತು. ವನಿತಾ ಅವರ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅವರು ಸೀಗೆಕಾಯಿಯ ಮಾತು ಬಂದಾಗ ತೊಡೆ ತಟ್ಟಿ ನಕ್ಕರು. ಗಂಟೆಯ ಮಾತು ಬಂದಾಗ ನಗು ನಿಲ್ಲಿಸಿ ಮಗಳ ಮುಖ ನೋಡಿದರು. ಇಷ್ಟು ವರ್ಷ ಹೇಳಿದ್ದು ಗಾಳಿಗೆ ಹೋಗಿಲ್ಲ ಎಂದು ಅವರಿಗೆ ಗೊತ್ತಾದದ್ದು ಇವತ್ತೇ.

ಆಗ ಫೋನು ಕೂಗಿತು. ಬಿಡದೆ ಒಂದರ ಹಿಂದೆ ಒಂದು ಕೂಗಿತು. ಆರುಮುಗಂ ಹಳೆಯ ಅಭ್ಯಾಸದಲ್ಲಿ ತಟ್ಟನೆ ಬೆನ್ನು ನೆಟ್ಟಗೆ ಮಾಡಿ ಕಿವಿಗೊಟ್ಟರು. "ಯಾರು ಕರೀತಿದಾರೆ ಕಣ್ಣು? ಎಲ್ಲಿಂದ?"

ವನಿತಾ ಫೋನು ಅವರ ಮುಂದೆ ಹಿಡಿದಳು. ಬಂದದ್ದೆಲ್ಲ ಫೋಟೋಗಳು. ಒಂದೊಂದು ಊರಿನ ಒಂದೊಂದು ಗೋಡೆ, ಒಂದೊಂದು ಬಿಳಿ ಡಬ್ಬಿ, ಪ್ರತಿ ಡಬ್ಬಿಯ ಮೊಳೆಗೂ ಒಂದು ಮೊಳ ಹೂವು. ಆಮೇಲೆ ಸೆನ್ಸರುಗಳ ಪಟ್ಟಿ ತೆರೆದು ತೋರಿಸಿದಳು, ಎಲ್ಲ ಡೇರಿಗಳ ಹೆಸರಿನ ಎದುರಿಗೂ ಹಸಿರು, ನಾಲ್ಕು ಡಿಗ್ರಿ.

"ಯಾರೂ ಕರೀತಿಲ್ಲಪ್ಪಾ," ಎಂದಳು ವನಿತಾ. "ಎಲ್ಲಾರೂ ಚೆನ್ನಾಗಿದೀವಿ ಅಂತ ಹೇಳ್ತಿದಾರೆ."

ಆರುಮುಗಂ ಆ ಹೂವುಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ, ಮಗಳು ಫೋನು ಚಾರ್ಜಿಗೆ ಹಾಕುವ ಗೂಡಿನ ಪಕ್ಕದ ಮೊಳೆಗೆ, ಫೋನಿಗೆ ತಗಲದ ಹಾಗೆ, ಒಂದು ಮೊಳ ಮಲ್ಲಿಗೆ ಸಿಕ್ಕಿಸಿ ಬಂದರು.